ಮೂರನೇ ಸಲ ತಟ್ಟದವಳು

ಸಂಜೆ ಹಿಡಿದ ಮಳೆ ಏಳು ಗಂಟೆಯಾದರೂ ಬಿಟ್ಟಿರಲಿಲ್ಲ. ಹನಕೆರೆ ಸ್ಟೇಷನ್ನಿನಲ್ಲಿ ರೈಲು ಕೂಗಿದ್ದು ಎಲ್ಲೋ ನೀರಿನೊಳಗಿಂದ ಕೂಗಿದ ಹಾಗೆ ಕೇಳಿಸಿತು. ಮೊದಲ ಗುಡುಗಿಗೇ ಹೋದ ಕರೆಂಟು ಇನ್ನೂ ಬಂದಿರಲಿಲ್ಲ. ವೀಣ ಚಾರ್ಜಿನ ದೀಪದ ಬೆಳಕಿನಲ್ಲಿ ಹುಚ್ಚೆಳ್ಳು ಹುರಿಯುತ್ತಿದ್ದಳು. ಮಗಳ ಪೆಟ್ಟಿಗೆಗೆ ಹಾಕಬೇಕಾದ ಚಟ್ನಿಪುಡಿ. ಕೈ ಬಾಣಲೆಯಲ್ಲಿತ್ತು, ಕಿವಿ ನಡುಮನೆಯಲ್ಲಿತ್ತು.

ನಡುಮನೆಯಲ್ಲಿ ಮಗಳು ದೀಪಿಕ ಮೊಬೈಲು ಹಿಡಿದು ಚಾಪೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅವಳ ಚಿಕ್ಕಪ್ಪನ ಮಗಳು ಅರ್ಪಿತ. ಇನ್ನು ಇಪ್ಪತ್ತು ದಿನಕ್ಕೆ ದೀಪಿಕ ಐರ್ಲೆಂಡಿಗೆ ಓದಲು ಹೊರಡುವವಳು. ಕಾಲೇಜು ಆಗಿತ್ತು, ವೀಸಾ ಆಗಿತ್ತು, ಉಳಿದದ್ದು ಇರುವ ಜಾಗ. ಅಲ್ಲಿಯವರು ಎರಡು ರೂಮು ತೋರಿಸಿ, ಇವತ್ತು ಸಂಜೆ ನಾಲ್ಕರೊಳಗೆ ಒಂದನ್ನು ಒಪ್ಪಿಕೊಳ್ಳಿ, ಇಲ್ಲದಿದ್ದರೆ ಬೇರೆಯವರಿಗೆ ಹೋಗುತ್ತದೆ ಎಂದು ಬರೆದಿದ್ದರು. ಅಲ್ಲಿಯ ನಾಲ್ಕು ಗಂಟೆ ಎಂದರೆ ಇಲ್ಲಿಯ ಎಂಟೂವರೆ.

ಒಂದು ರೂಮು ಒಂಟಿ. ಉದ್ದನೆಯ ಕಾರಿಡಾರಿನ ಕೊನೆಯಲ್ಲಿತ್ತು. ಒಳಗೇ ಒಲೆ, ಒಳಗೇ ಬಚ್ಚಲು, ಬಾಗಿಲು ಹಾಕಿಕೊಂಡರೆ ಯಾರ ಮುಖವೂ ನೋಡಬೇಕಾಗಿಲ್ಲ. ಇನ್ನೊಂದು, ಆರು ಜನ ಹುಡುಗಿಯರಿರುವ ಮನೆಯಲ್ಲಿ. ಮಲಗುವ ರೂಮು ಒಬ್ಬೊಬ್ಬರಿಗೆ ಒಂದೊಂದು, ಅಡುಗೆಮನೆ ಮಾತ್ರ ಎಲ್ಲರಿಗೂ ಸೇರಿ ಒಂದೇ.

"ಆರು ಜನದಲ್ಲಿ ಪಾತ್ರೆ ತೊಳಿಯೋರು ಯಾರು ಅಂತ ಬರ್ದವ್ರಾ?" ಅರ್ಪಿತ ಇಣುಕಿ ನೋಡಿದಳು. "ಇಲ್ಲೇ ಒಂದು ಲೋಟ ತೊಳ್ದೋಳಲ್ಲ ನೀನು."

"ನೀನ್ ಬಾ ತೊಳ್ದುಕೊಡೋಕೆ. ಟಿಕೆಟ್ ಮಾಡುಸ್ತೀನಿ," ಎಂದಳು ದೀಪಿಕ. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಅಮ್ಮಾ, ಒಬ್ಳೇ ಇದ್ರೆ ಬೇಜಾರಾಗಲ್ವಾ?" ಎಂದಳು.

ವೀಣ ಆಗಲೇ ತೀರ್ಮಾನ ಮಾಡಿದ್ದಳು. ವೀಸಾ ಬಂದ ದಿನದಿಂದ ಅವಳಿಗೆ ಸರಿಯಾಗಿ ನಿದ್ದೆಯಿರಲಿಲ್ಲ. ಕಣ್ಣು ಮುಚ್ಚಿದರೆ ಗುರುತಿಲ್ಲದ ಊರು, ಗುರುತಿಲ್ಲದ ಜನ, ಅದರ ನಡುವೆ ತನ್ನ ಮಗಳು. ಹಾಗೆ ಕಂಡಾಗಲೆಲ್ಲ ಅವಳು ಮನಸ್ಸಿನಲ್ಲೇ ಆ ಒಂಟಿ ರೂಮಿನ ಬಾಗಿಲು ಹಾಕಿ, ಬೀಗ ತಿರುಗಿಸಿ, ಆಮೇಲೆ ಉಸಿರು ಬಿಡುತ್ತಿದ್ದಳು. ಸೋಮನಹಳ್ಳಿಯ ಕಾರ್ಖಾನೆಯಲ್ಲಿ ಎರಡನೇ ಪಾಳಿಯಲ್ಲಿದ್ದ ಗಂಡ ಶಶಿಧರನೂ ಫೋನಿನಲ್ಲಿ "ನೀವಿಬ್ರೂ ನೋಡ್ಕಂಡು ಮಾಡಿ" ಎಂದುಬಿಟ್ಟಿದ್ದ.

"ಒಂಟಿ ರೂಮೇ ಒಪ್ಕೋ," ಎಂದಳು, ಬಾಣಲೆ ಇಳಿಸಿ ಸೆರಗಿಗೆ ಕೈ ಒರಸಿಕೊಂಡು ಬರುತ್ತಾ. "ಬೇಜಾರಾದ್ರೆ ನಂಗೆ ಫೋನ್ ಮಾಡು. ಒಂದು ಮಾತ ಮಾತ್ರ ಮರೀಬ್ಯಾಡ ದೀಪು. ಹೊತ್ತು ಮುಳುಗುದ್ಮೇಲೆ ಯಾರೇ ಬಾಗ್ಲು ತಟ್ಟುದ್ರೂ ತಕ್ಷಣ ತೆಗೀಬಾರ್ದು. ಮೂರು ಸಲ ತಟ್ಟಬೇಕು. ಆಮೇಲೇ ತೆಗಿ."

ಗೋಡೆಗೊರಗಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಸಣ್ಣತಾಯಮ್ಮನ ಕೈ ಅಲ್ಲೇ ನಿಂತಿತು. ಅವರು ಎದುರು ಮನೆಯ ಅಜ್ಜಿ. ವರ್ಷದ ಹಿಂದೆ ಆತಗೂರಿನಿಂದ ಬಂದು ಮಗನ ಮನೆಯಲ್ಲಿದ್ದರು. ಮೊಮ್ಮಗಳನ್ನು ಅಂಥದೇ ಚಳಿ ದೇಶಕ್ಕೆ ಓದಲು ಕಳಿಸಿದವರು, ಏನೇನು ಕಟ್ಟಿಕೊಡಬೇಕು ಎಂದು ತಿಳಿದವರು ಎಂದು ವೀಣಳೇ ಕರೆದಿದ್ದಳು. ಮಳೆಯಲ್ಲೇ ದೊಡ್ಡ ಕರಿ ಛತ್ರಿ ಹಿಡಿದು ಬಂದಿದ್ದರು.

"ಆ ಮಾತ ಮಾತ್ರ ಯೋಳ್ಕೊಡ್ಬ್ಯಾಡ ಕಣವ್ವ," ಎಂದರು.

"ಯಾಕೆ ದೊಡ್ಡವ್ವ? ನಮ್ಮವ್ವ ಯೋಳ್ಕೊಟ್ಟಿದ್ದು."

"ನಮ್ಮವ್ವನೂವೆ ನಂಗೆ ಯೋಳ್ಕೊಟ್ಟಿದ್ಲು." ಅಜ್ಜಿ ಎಲೆಯನ್ನು ತಟ್ಟೆಗೆ ವಾಪಸ್ಸು ಇಟ್ಟರು. "ಇನ್ನೂ ಒತ್ತದೆ ಅಲ್ವಾ ನಿಮ್ ಎಂಟೂವರೆಗೆ? ಬಾ, ಇಲ್ಲಿ ಕುಂತ್ಕೊ. ನೀವೂ ವಸಿ ಅತ್ರ ಬನ್ರವ್ವ. ಇದ ನಾನು ಯಾರಿಗೂ ಪೂರ್ತಿ ಯೋಳಿಲ್ಲ..."

ಮೂವರೂ ದೀಪದ ಸುತ್ತ ಕೂತರು. ಮಳೆ ಹೆಂಚಿನ ಮೇಲೆ ಒಂದೇ ಸಮ ಸುರಿಯುತ್ತಿತ್ತು.

"ಐದು ವರ್ಸದ ಇಂದೆ ನನ್ ಮೊಮ್ಮಗ್ಳು ಚೈತನ್ಯಾನೂವೆ ಇಂಗೇ ಕುಂತಿದ್ಲು, ಆತಗೂರಲ್ಲಿ ನನ್ ಮಗಳ ಮನೇಲಿ. ಇದೇ ತರ ಮೊಬೈಲು, ಇದೇ ತರ ಎರಡು ರೂಮು. ಅವಳು ಓಗಿದ್ದು ಸ್ಕಾಟ್ಲೆಂಡಿಗೆ. ಆ ಎಸ್ರು ನನ್ ಬಾಯಿಗೆ ನೆಟ್ಗೆ ಬರ್ದೆ ಬಿದ್ದು ಬಿದ್ದು ನಗೋಳು. ಅವಳಿಗೆ ಜನ ಇರೋ ಮನೆ ಬೇಕಾಗಿತ್ತು. ಒಂಟಿ ರೂಮೇ ತಕ್ಕೊ, ಬಾಗ್ಲು ಭದ್ರವಾಗಿರ್ತದೆ ಅಂದೋಳು ಯಾರು? ನಾನು. ಒತ್ತು ಮುಳುಗುದ್ಮೇಲೆ ಯಾರು ಕೂಗುದ್ರೂ ಮೂರನೇ ಸಲಕ್ಕೆ ಓಗೊಡು, ಯಾರು ತಟ್ಟುದ್ರೂ ಮೂರನೇ ಸಲಕ್ಕೆ ತೆಗಿ ಅಂತ ಅವಳ ಕೈನ ನನ್ ತಲೆ ಮೇಲೆ ಇಡುಸ್ಕಂಡು ಆಣೆ ಮಾಡುಸ್ದೋಳು ಯಾರು? ಅದೂ ನಾನೇ... ದೆವ್ವ ಎರಡೇ ಸಲ ಕೂಗಾದು, ಮೂರನೇ ಸಲ ಕೂಗಕೆ ಅದ್ಕೆ ಸಕ್ತಿ ಇಲ್ಲ ಅಂತ ತಲೆತಲಾಂತ್ರದಿಂದ ಯೋಳ್ಕಂಡು ಬಂದವ್ರೆ. ಅದ್ರಲ್ಲಿ ತಪ್ಪು ಅದೆ ಅಂತ ನಂಗೆ ಎಂಗವ್ವ ಅನ್ನುಸ್ತದೆ?

"ಆ ಮನೆ ಎಂಗಿತ್ತು ಗೊತ್ತಾ... ಉದ್ದಕೂ ಒಂದು ಓಣಿ, ಎರಡೂ ಕಡೆ ಬಾಗ್ಲು, ಬಾಗ್ಲು, ಬಾಗ್ಲು. ಎಲ್ಲಾ ಮುಚ್ಚಿದವೇ. ಓಣೀಲಿ ಲೈಟಿಗೆ ಸ್ವಿಚ್ಚೇ ಇಲ್ಲ. ಮನ್ಸ ಬಂದ್ರೆ ತಾನಾಗೇ ಅತ್ಕತದೆ, ಮನ್ಸ ದಾಟುದ್ರೆ ತಾನಾಗೇ ಆರೋಯ್ತದೆ. ಜನ ಎಷ್ಟು ಅಂದ್ರೆ ನೂರಾರು. ಮಾತಾಡೋರು? ಒಬ್ರೂ ಇಲ್ಲ. ಚಳಿಗಾಲ ಬಂತು ಅಂದ್ರೆ ಮದ್ಯಾನ್ನ ಮೂರೂವರೆಗೇ ಕತ್ಲು. ಕಾಲೇಜಿಂದ ಬಂದು ಬಾಗ್ಲು ಆಕ್ಕೊಂಡ್ರೆ ಮಾರ್ನೆ ದಿನದ ಗಂಟ ಅವಳ ದನಿ ಅವಳಿಗೇ ಕೇಳ್ತಿರ್ನಿಲ್ಲ. ದಿನಾ ನಂಗೆ ವಿಡಿಯೋ ಮಾಡೋಳು. ಮಾತೇನೂ ಇರ್ತಿರ್ನಿಲ್ಲ. ಮೊಬೈಲ ಗ್ವಾಡೆಗೆ ಒರಗ್ಸಿ ಅವಳು ಅನ್ನ ಉಣ್ಣೋಳು, ನಾನು ನೋಡ್ತಾ ಕುಂತಿರೋಳು... ಅಷ್ಟೇ.

"ಪಕ್ಕದ ರೂಮಲ್ಲಿ ಒಂದು ಉಡುಗಿ. ಮೀಲಾ ಅಂತ. ಆ ದೇಶದೋಳೂ ಅಲ್ಲ, ಇವಳಂಗೇ ಎಲ್ಲಿಂದ್ಲೋ ಓದಕೆ ಬಂದಿದ್ದೋಳು. ಮೆಟ್ಲಲ್ಲಿ ಸಿಕ್ಕುದ್ರೆ ಇವಳೂ ನಗೋಳು, ಅವಳೂ ನಗೋಳು, ಇಬ್ರಿಗೂ ನಾಚ್ಕೆ. ಒಂದಿನ ಸಂದೆ ಯಾರೋ ಬಾಗ್ಲು ತಟ್ಟುದ್ರು. ಟಕ್... ಟಕ್. ಚೈತನ್ಯಾ ಮೂರನೇದ್ಕೆ ಕಾದ್ಲು. ಬರ್ನಿಲ್ಲ. ಬೆಳಗ್ಗೆ ನೋಡುದ್ರೆ ಬಾಗ್ಲ ಮುಂದೆ ಒಂದು ನೀಲಿ ಬಟ್ಲು, ಮೇಲೆ ತಟ್ಟೆ ಮುಚ್ಚವ್ರೆ, ಒಳಗೆ ಸಾರೋ ಏನೋ, ತಣ್ಗಾಗೋಗಿತ್ತು..."

ಟಕ್... ಟಕ್.

ಬೀದಿ ಬಾಗಿಲು. ದೀಪಿಕ ಬೆಚ್ಚಿ ಅರ್ಪಿತಳ ಕೈ ಹಿಡಿದಳು. "ಅಮ್ಮ, ನೋಡು ಹೋಗು."

"ಇರು, ಇನ್ನೊಂದ್ ಸಲ ತಟ್ಟಲಿ," ಎಂದಳು ವೀಣ. ಹೇಳಬೇಕೆಂದು ಹೇಳಿದ್ದಲ್ಲ, ಅಭ್ಯಾಸದ ಮಾತು. ಅಷ್ಟರಲ್ಲಿ ಸಣ್ಣತಾಯಮ್ಮ ಎದ್ದಾಗಿತ್ತು. ಕೂತರೆ ಏಳಲು ಯಾರಾದರೂ ಕೈ ಕೊಡಬೇಕಾದ ಮುದುಕಿ, ಈಗ ಯಾರ ಕೈಯನ್ನೂ ಕಾಯದೆ ಹೋಗಿ ಚಿಲಕ ತೆಗೆದರು. ಹೊರಗೆ ಮಳೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ಅವರು ಬಾಗಿಲನ್ನು ಪೂರ್ತಿ ಸರಿಸಿ, ತಾವು ಒಂದು ಹೆಜ್ಜೆ ಪಕ್ಕಕ್ಕೆ ನಿಂತು, ಒಂದು ಗಳಿಗೆ ಬಿಟ್ಟು ಮುಚ್ಚಿದರು.

"ಯಾರಜ್ಜಿ?"

"ವಸಿ ಕಾಫಿ ಕಾಯ್ಸವ್ವ ವೀಣ. ಐದು ಲೋಟ."

"ಇರೋರು ನಾಲ್ಕೇ ಜನ," ಅರ್ಪಿತ ನಕ್ಕಳು. "ಅಜ್ಜಿಗೆ ಎರಡು ಲೋಟ ಬೇಕಂತೆ ದೊಡ್ಡಮ್ಮ."

"ಊಂ ಕಣ್ ಬುಡು, ನಂಗೇ ಎರಡು."

ತನ್ನ ಗಂಡ ಪಾಳಿಯಿಂದ ಬರುವ ಹೊತ್ತೆಂದು ಅಜ್ಜಿ ತಿಳಿದಿದ್ದಾರೇನೋ ಎಂದುಕೊಂಡು ವೀಣ ಹಾಲಿಟ್ಟಳು. ಬಿಸಿಬಿಸಿ ಕಾಫಿಯ ಐದು ಲೋಟ ತಂದಿಟ್ಟಾಗ ಅಜ್ಜಿ ಒಂದನ್ನು ಎತ್ತಿ ತಮ್ಮ ಪಕ್ಕದಲ್ಲಿ, ಚಾಪೆಯ ಖಾಲಿ ಜಾಗದ ಮುಂದೆ ಇಟ್ಟರು. ಇನ್ನೊಂದನ್ನು ಕೈಗೆ ತೆಗೆದುಕೊಂಡರು.

"ಎಲ್ಲಿಗೆ ಬಂದಿದ್ದೆ... ಆ, ಬಟ್ಲು. ಚೈತನ್ಯಾ ಅದ ತೊಳ್ದು ಮಡಗಿದ್ಲು. ಬರೀ ಬಟ್ಲ ವಾಪಸ್ ಕೊಡಬಾರ್ದು ಅಂತ ನಮ್ಮಲ್ಲಿ ಅದೆಯಲ್ಲ, ಏನಾರ ಮಾಡಿ ತುಂಬ್ಸಿ ಕೊಡಾನ ಅಂತ. ಇವತ್ತು ನಾಳೆ ಅಂತ ಅದು ಅಂಗೇ ಕುಂತ್ಕತು. ಅದಾದ್ಮೇಲೆ ದಿನಾ ಸಂದೆ ಟಕ್... ಟಕ್. ಅಜ್ಜಿ, ಅದು ಪಕ್ಕದ್ ರೂಮಿನ ಮೀಲಾನೇ ಇರ್ಬೇಕು, ತೆಗೀಲಾ ಅಂತ ಕೇಳೋಳು. ನಾನೇನಂದೆ ಗೊತ್ತಾ? ಗುರ್ತಿನೋರ ತರಾನೇ ಅಲ್ವೇನೇ ದೆವ್ವ ಬರಾದು, ಗುರ್ತಿಲ್ದೋರ ತರ ಬಂದ್ರೆ ಯಾರ್ ತೆಗ್ದಾರು, ಮೂರನೇ ಸಲ ತಟ್ಲಿ ಅಂದೆ. ಈಗ ಯೋಚ್ನೆ ಮಾಡ್ರವ್ವ... ಮರ್ಯಾದೆ ಇರೋ ಎಣ್ಮಗ ಪರರ ಬಾಗ್ಲ ಎಷ್ಟು ಸಲ ತಟ್ಟದು? ಒಂದ್ಸಲ ತಟ್ತಾಳೆ. ಇನ್ನೊಂದ್ಸಲ ತಟ್ತಾಳೆ. ಆಮ್ಯಾಕೆ, ಪಾಪ ಮಲ್ಗವ್ರೇನೋ, ನಾನು ಬರಾದು ಇಷ್ಟ ಇಲ್ವೇನೋ ಅಂತ ಇಂದಕ್ಕೋಯ್ತಾಳೆ. ಅಲ್ವಾ? ಮೂರನೇ ಸಲ ತಟ್ಟಕೆ ಸಕ್ತಿ ಇಲ್ದಿರಾದು ದೆವ್ವುಕ್ಕೆ ಮಾತ್ರ ಅಲ್ಲ ಕಣವ್ವ... ಒಂಟಿಯಾಗಿರೋ ಮನ್ಸ್ರಿಗೂ ಇರಕಿಲ್ಲ.

"ಕ್ರಿಸ್ಮಸ್ ರಜ ಬಂತು. ಎಲ್ರೂ ಅವ್ರವ್ರ ಊರಿಗೆ ಒಂಟೋದ್ರು. ಆ ಉದ್ದದ ಓಣೀಲಿ ಉಳ್ದೋರು ಇಬ್ರೇ, ಗ್ವಾಡೆಗೆ ಈ ಕಡೆ ಒಬ್ಳು, ಆ ಕಡೆ ಒಬ್ಳು. ಇವಳು ಕೆಮ್ಮುದ್ರೆ ಅವಳಿಗೆ ಕೇಳ್ತದೆ, ಅವಳು ಲೋಟ ಮಡಗುದ್ರೆ ಇವಳಿಗೆ ಕೇಳ್ತದೆ. ಒಂದಿನ ಸಂದೆ ನಾನೂ ಚೈತನ್ಯಾನೂ ವಿಡಿಯೋದಲ್ಲಿದ್ದೋ. ಆಗ ತಟ್ಟುದ್ರು. ಟಕ್... ಇಷ್ಟೊತ್ತು ಬುಟ್ಟು... ಟಕ್. ಅವತ್ತು ಅದು ಕೈಲಿ ತಟ್ಟಿದಂಗಿರ್ನಿಲ್ಲ, ಮೈನೇ ಬಾಗ್ಲಿಗೆ ಒರಗ್ದಂಗಿತ್ತು. ಮೊಬೈಲಲ್ಲಿ ನಂಗೂ ಕೇಳುಸ್ತು. ಚೈತನ್ಯಾ ಬಾಗ್ಲ ತಾವ ಓಗಿ ಚಿಲ್ಕದ ಮೇಲೆ ಕೈ ಮಡಗುದ್ಲು. ಅಜ್ಜಿ, ಉಸುರಾಡೋ ಸದ್ದು ಕೇಳ್ತದೆ, ತೆಗೀತೀನಿ ಅಂದ್ಲು. ನನ್ ಮೇಲೆ ಆಣೆ ಮಾಡಿದ್ದೀಯ, ಮೂರನೇ ಸಲ ತಟ್ಲಿ ಅಂದೆ. ಅವಳು ಅಂಗೇ ನಿಂತಿದ್ಲು. ನಾನು ಇಲ್ಲಿ ಉಸುರು ಬಿಗಿ ಇಡ್ಕಂಡು ಕುಂತಿದ್ದೆ. ಬಾಗ್ಲಿಗೆ ಆ ಕಡೆ ಅವಳು, ಈ ಕಡೆ ಇವಳು, ಸಮುದ್ರದಿಂದ ಈಚೆ ನಾನು... ಮೂರು ಜನವೂ ಆ ಮೂರನೇದ್ಕೆ ಕಾದೋ. ಅದು ಬರ್ನಿಲ್ಲ."

ವೀಣ ತನಗರಿವಿಲ್ಲದೆಯೇ ಮಗಳ ಪಾದವನ್ನು ಹಿಡಿದುಕೊಂಡಿದ್ದಳು. ಪಾದ ತಣ್ಣಗಿತ್ತು. ಸೆರಗು ಹೊದಿಸಿದಳು.

"ಚಿಕ್ಕ ವಯಸ್ಸಿಗೇ ಸಕ್ರೆ ಕಾಯ್ಲೆ ಇತ್ತಂತೆ ಆ ಮೊಗೀಗೆ. ಅವತ್ತು ಜೋರಾಗೋಯ್ತಂತೆ. ಕಣ್ಣು ಕತ್ಲೆ ಬಂದು, ಯಾರಾರ ಆಸ್ಪತ್ರೆಗೆ ಪೋನ್ ಮಾಡ್ಲಿ ಅಂತ ಬಂದವ್ಳೆ. ಎರಡು ಸಲ ತಟ್ಟಿ ತನ್ ರೂಮಿಗೆ ವಾಪಸ್ ಓಗಿ ಮಲಗವ್ಳೆ. ಮೂರು ದಿನ ಆದ್ಮೇಲೆ ಕಸ ತಕ್ಕೊಂಡೋಗೋರು ನೋಡುದ್ರಂತೆ..."

"ಅಯ್ಯೋ ಸಿವನೇ," ಎಂದಳು ಅರ್ಪಿತ. ಅವಳ ತಮಾಷೆಯೆಲ್ಲ ಇಳಿದುಹೋಗಿತ್ತು.

"ಅದು ಅಲ್ಲಿಗೆ ಮುಗೀನಿಲ್ಲ ಕಣವ್ವ. ಪೊಲೀಸ್ನೋರು ಬಂದ್ರು, ಓದ್ರು. ಪಕ್ಕದ್ ರೂಮಿಗೆ ಬೀಗ ಬಿತ್ತು. ಮಾರ್ನೆ ಸಂದೆ... ಟಕ್... ಟಕ್. ಚೈತನ್ಯಾ ಎದುರ್ಕಂಡು ಅದೇ ಮನೇಲಿ ಬೇರೆ ಓಣೀಗೆ ರೂಮು ಬದ್ಲಾಯ್ಸುದ್ಲು. ಅಲ್ಲೂ ಟಕ್... ಟಕ್. ಒಂದು ದಿನವೂ ಮೂರನೇ ಸಲ ಇಲ್ಲ. ಅನ್ನ ಬುಟ್ಲು, ಓದು ಬುಟ್ಲು, ಕಣ್ಣು ಗುಳಿ ಬಿದ್ದೋದೋ. ಒಂದಿನ ನಾನು ಯೋಚ್ನೆ ಮಾಡ್ದೆ. ತೆಗೀಬ್ಯಾಡ ಅಂದೋಳು ನಾನು. ತಪ್ಪು ನಂದು. ಮೀಲಾ ಯಾಕೆ ನನ್ ಮೊಮ್ಮಗ್ಳ ಬಾಗ್ಲು ಕಾಯ್ಬೇಕು? ಚೈತನ್ಯಾ, ಇವತ್ತು ತಟ್ಟುದ್ರೆ ಬಾಗ್ಲು ತೆಗಿ, ಮೊಬೈಲ ಓಣಿ ಕಡೆ ಇಡಿ ಅಂದೆ. ತಟ್ಟುದ್ರು. ಅವಳು ಕಣ್ಮುಚ್ಕಂಡು ತೆಗುದ್ಲು. ನಂಗೆ ಕಂಡಿದ್ದು ಏನು? ಬರೀ ಕತ್ಲು. ಯಾರೂ ಇಲ್ಲ, ಲೈಟೂ ಅತ್ತಿಲ್ಲ. ನಂಗೆ ಅವಳ ಮಾತು ಬರಕಿಲ್ಲ, ಅವಳಿಗೆ ನನ್ ಮಾತು ಬರಕಿಲ್ಲ. ಕನ್ನಡದಲ್ಲೇ ಅಂದೆ: ಮೀಲಮ್ಮ, ಬುದ್ದಿ ಇಲ್ದೆ ಅಂಗಂದ್ಬುಟ್ಟೆ ಕಣವ್ವ. ಆ ಮಗೀನ ಬುಟ್ಬುಡು. ನಮ್ಮನೆಗೆ ಬಾ. ಮದ್ದೂರು ತಾವ, ಆತಗೂರು. ನೀನು ಮೊದಲ್ನೇ ಸಲ ತಟ್ಟುತ್ಲೇ ತೆಗೀತೀನಿ...

"ಏನಾಯ್ತು ಗೊತ್ತಾ? ಬಾಗ್ಲ ಮುಂದಿನ ಲೈಟು ಅತ್ಕತು. ಮನ್ಸ ಬಂದ್ರೆ ಮಾತ್ರ ಅತ್ಕಳೋ ಲೈಟು ಅಂದ್ನಲ್ಲ, ಅದೇ. ವಸಿ ಒತ್ತು ಬುಟ್ಟು ಅದ್ರ ಮುಂದಿನ್ದು. ಆಮ್ಯಾಕೆ ಅದ್ರ ಮುಂದಿನ್ದು. ಒಂದಾದ್ಮೇಲೆ ಒಂದು, ಒಂದಾದ್ಮೇಲೆ ಒಂದು, ಓಣಿ ಉದ್ದಕೂ ಅತ್ಕಂಡು, ಇಂದಿಂದೇ ಆರ್ಕಂಡು, ಕೊನೇಗೆ ಮೆಟ್ಲು ತಾವ್ಲದು ಅತ್ಕಂಡು... ಅದೂ ಆರೋಯ್ತು."

ದೀಪಿಕಳ ಮೊಬೈಲಿನಲ್ಲಿ ಎಂಟು ಹದಿನೈದು ಆಗಿತ್ತು.

"ಆಮೇಲೆ ಚೈತನ್ಯಾಗೆ?" ಎಂದಳು ವೀಣ.

"ಅವತ್ತಿಂದ ಅವಳ ಬಾಗ್ಲು ಯಾರೂ ತಟ್ನಿಲ್ಲ. ಓದು ಮುಗುಸ್ದ್ಲು. ಈಗ್ಲೂ ಮಲಗೋವಾಗ ರೂಮಿನ ಬಾಗ್ಲು ಆಕಕಿಲ್ಲ ಅವಳು. ಬರೋವಾಗ ಆ ನೀಲಿ ಬಟ್ಲ ತಂದು ನನ್ ಕೈಗೆ ಕೊಟ್ಲು."

"ಆ... ಅವಳು? ನಿಮ್ಮನೆಗೆ ಬಂದ್ಲಾ ಅಜ್ಜಿ?" ದೀಪಿಕಳ ದನಿ ಸಣ್ಣಗಿತ್ತು.

"ಎಷ್ಟು ದೂರ ನಡೀಬೇಕೋ ಏನೋ ಪಾಪ. ಒಂಬತ್ತು ದಿನ ಆಯ್ತು. ಒಂಬತ್ನೇ ದಿನ ದೀಪ ಅಚ್ಚೋ ಒತ್ನಲ್ಲಿ... ನನ್ ಅಳಿಯ ಮಾದೇವಪ್ಪ ಬೈಯೋನು, ಮುದ್ಕಿ ದಿನಾ ಬಾಗ್ಲು ತೆಗ್ದು ಗಾಳಿ ಜೊತೆ ಮಾತಾಡ್ತದೆ ಅಂತ. ಅದ್ಕೇ ಇಲ್ಲಿಗೆ ಬಂದಿದ್ದು. ನನ್ ಮಗ ಸೊಸೆ ಏನೂ ಅನ್ನಕಿಲ್ಲ, ಅವ್ರು ಬರಾದೇ ಒಂಬತ್ತು ಗಂಟೆಗೆ. ಅಲ್ಲೀಗಂಟ ಮನೇಲಿ ನಾನೂ ಅವಳೂ ಇಬ್ರೇ. ಆ ಬಟ್ಲಲ್ಲಿ ವಸಿ ಸಾರು ಬುಟ್ಕೊಡ್ತೀನಿ. ನಾನು ಮನೇಲಿ ಇಲ್ದಿದ್ರೆ ಉಡುಕ್ಕಂಡು ಬತ್ತಾಳೆ."

ವೀಣಳ ಕಣ್ಣು ಐದನೆಯ ಲೋಟದ ಮೇಲೆ ಬಿತ್ತು. ಕಾಫಿ ಅಂಚಿನವರೆಗೂ ಹಾಗೇ ಇತ್ತು. ಎತ್ತಿಡಲೆಂದು ಕೈ ಹಾಕಿದವಳು ಬೆರಳು ಹಿಂದೆಗೆದಳು. ತನ್ನ ಲೋಟ ಇನ್ನೂ ಬೆಚ್ಚಗಿತ್ತು. ಆ ಲೋಟ ಮಾತ್ರ ಐಸಿನಲ್ಲಿಟ್ಟು ತೆಗೆದ ಹಾಗೆ ಮಂಜು ಹಿಡಿದಿತ್ತು.

ಅವಳು ಕಿರುಚಲಿಲ್ಲ. ಹೆದರಿಕೆಯಾಗಿತ್ತು, ಆದರೆ ಹೆದರಿಕೆಗಿಂತ ಮೊದಲು ಬೇರೆ ಒಂದು ಯೋಚನೆ ಬಂತು. ಆ ಹುಡುಗಿಗೂ ಒಬ್ಬಳು ತಾಯಿ ಇರಬೇಕು. ಅವಳೂ ಪೆಟ್ಟಿಗೆಗೆ ಏನೇನೋ ಕಟ್ಟಿ ಹಾಕಿರಬೇಕು. ಬಾಗಿಲು ಭದ್ರವಾಗಿರುವ ರೂಮನ್ನೇ ತೆಗೆದುಕೋ ಎಂದಿರಬೇಕು.

"ದೀಪು," ಎಂದಳು. "ಅಡುಗೆಮನೆ ಒಂದೇ ಇರೋ ಮನೇನೇ ಒಪ್ಕೋ."

"ನೀನೇ ಅಲ್ವಾ ಒಂಟಿ ರೂಮು ಅಂದಿದ್ದು?"

"ಅಂದಿದ್ದೆ. ಈಗ ಬ್ಯಾಡ ಅಂತಿದ್ದೀನಿ. ಆರು ಜನಕ್ಕೂ ಆಗೋ ಅಷ್ಟು ಚಟ್ನಿಪುಡಿ ಮಾಡ್ತೀನಿ, ಎಲ್ರಿಗೂ ಕೊಡು. ಯಾರು ತಟ್ಟುದ್ರೂ ತೆಗಿ."

ದೀಪಿಕ ಅಮ್ಮನ ಮುಖ ನೋಡಿದಳು. ಎಂಟು ಇಪ್ಪತ್ತಕ್ಕೆ ಮೊಬೈಲಿನಲ್ಲಿ ಹಸಿರು ಗುರುತು ಬಂತು. ಅರ್ಪಿತ ಮೆಲ್ಲಗೆ, "ಪಾತ್ರೆ ತೊಳ್ಕೊಳೇ," ಎಂದಳು. ಯಾರೂ ನಗಲಿಲ್ಲ, ಆದರೂ ಉಸಿರಾಡಲು ಸ್ವಲ್ಪ ಜಾಗವಾಯಿತು.

ಸಣ್ಣತಾಯಮ್ಮ ಎದ್ದರು. ವೀಣ ಕೈ ಕೊಡಲು ಬಗ್ಗುವಷ್ಟರಲ್ಲಿ ಅವರು ಆಗಲೇ ಅರ್ಧ ಎದ್ದಿದ್ದರು, ಬಲಗೈಯಿಂದ ಗಾಳಿಯನ್ನು ಹಿಡಿದುಕೊಂಡು. ಹೊಸಿಲಿನ ಹತ್ತಿರ ನಿಂತು ಹಿಂದಕ್ಕೆ ತಿರುಗಿದರು.

"ದೀಪವ್ವ, ಬಾಗ್ಲು ತೆಗ್ದಾಗ ಬದುಕಿರೋರು ನಿಂತಿದ್ರೆ ಒಳಕ್ಕೆ ಕರ್ದು ಕೂರ್ಸು. ಯಾರೂ ಕಾಣ್ದಿದ್ರೆ... ಎದುರ್ಕೊಬ್ಯಾಡ. ಮುಚ್ಚಲೂ ಬ್ಯಾಡ. ಅನಕೆರೇಲಿ ಒಬ್ಬಜ್ಜಿ ಅವ್ಳೆ, ಅಲ್ಲಿಗೋಗಿ ಅನ್ನು. ಇನ್ನೊಂದು ಬಟ್ಲು ನಾನು ಒಂದುಸ್ಕತೀನಿ."

ಅವರು ಜಗಲಿಯ ಮೇಲೆ ಒರಗಿಸಿದ್ದ ಕರಿ ಛತ್ರಿ ಬಿಚ್ಚಿ ಮಳೆಗಿಳಿದರು. ವೀಣ ಬಾಗಿಲಲ್ಲೇ ನಿಂತು ಮೊಬೈಲಿನ ಬೆಳಕು ಹಿಡಿದಳು. ಅಜ್ಜಿ ಛತ್ರಿಯನ್ನು ತಮ್ಮ ತಲೆಯ ಮೇಲೆ ಹಿಡಿದಿರಲಿಲ್ಲ. ಪೂರ್ತಿ ಬಲಕ್ಕೆ ವಾಲಿಸಿ ಹಿಡಿದಿದ್ದರು. ಅವರ ಎಡಭುಜದ ಮೇಲೆ ನೀರು ಧಾರಾಕಾರ ಸುರಿಯುತ್ತಿತ್ತು. ಛತ್ರಿಯ ಕೆಳಗೆ ಬಲಗಡೆಯಲ್ಲಿ, ಒಬ್ಬರು ನಡೆಯುವಷ್ಟು ಜಾಗದಲ್ಲಿ, ಯಾರೂ ಇರಲಿಲ್ಲ.

ಚಿಲಕಕ್ಕೆ ಹೋದ ವೀಣಳ ಕೈ ಹಿಂದಕ್ಕೆ ಬಂತು. ಬೀದಿಯ ನಡುವಿನಿಂದ ಆ ಮುದಿ ದನಿ, ಮಳೆಯನ್ನೂ ಮೀರಿ ಕೇಳಿಸಿತು:

"ಇತ್ತಾಗೆ ಬಾರವ್ವ ಮೀಲಮ್ಮ... ಇವತ್ತು ಇವ್ರೂ ನಿನ್ ಸದ್ದ ಕೇಳವ್ರೆ. ನಾಳೆ ನಾನು ಸತ್ತೋದ್ರೂ ನಿಂಗೆ ತಟ್ಟಕೆ ಇದೂ ಒಂದು ಬಾಗ್ಲು."